ತೋಳ ಅಂದರೆ ನಮಗೆ ಯಾಕಿಷ್ಟು ಭಯ, ಯಾಕಿಷ್ಟು ಸಿಟ್ಟು?

ಕಟಪಾಡಿ ಓದುಗ

ನಮಸ್ಕಾರ ಎಲ್ಲರಿಗೂ. ಒಂದು ವಿಷಯ ತಲೆ ಕೊರೆಯುತ್ತಿದೆ. ಇಲ್ಲಿ ಕೇಳೋಣ ಅಂತ ಬರೆಯುತ್ತಿದ್ದೇನೆ.

ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ರಾತ್ರಿ ಹೊತ್ತು ಗದ್ದೆಯ ಹುಣಿ ಮೇಲೆ ಒಂದು ಪ್ರಾಣಿ ಓಡಿಹೋಗುತ್ತದೆ. ಕೆಳಗೆ "ಊರಿಗೆ ತೋಳ ಬಂದಿದೆ, ಮಕ್ಕಳನ್ನು ಹೊರಗೆ ಬಿಡಬೇಡಿ" ಅಂತ ಬರೆದಿದ್ದಾರೆ. ಸರಿಯಾಗಿ ನೋಡಿದರೆ ಅದು ನರಿ. ಸಂಜೆಯಾದರೆ ನಮ್ಮ ಗುಡ್ಡೆಗಳಲ್ಲಿ ಊಳಿಡುವ ಅದೇ ಕುದ್ಕೆ. ಗಿಡ್ಡ ಕಾಲು, ಚೂಪು ಮೂತಿ. ಯಾರೂ ಎರಡನೇ ಸಲ ನೋಡಲಿಲ್ಲ. ಅದಕ್ಕೆ ಬಂದ ಉತ್ತರಗಳನ್ನು ಓದಿ ತುಂಬಾ ಬೇಜಾರಾಯಿತು. "ವಿಷ ಇಡಿ", "ಕಂಡಲ್ಲಿ ಹೊಡೆದು ಹಾಕಿ", "ಯಾರಿಗೂ ಹೇಳುವುದು ಬೇಡ, ನಾವೇ ಮುಗಿಸೋಣ."

ಚಿರತೆ ಬಾವಿಗೆ ಬಿದ್ದರೆ ನಮ್ಮವರು ಏನು ಮಾಡುತ್ತಾರೆ ಅಂತ ನಿಮಗೆಲ್ಲ ಗೊತ್ತಲ್ಲ? ಹಗ್ಗ ತರುತ್ತಾರೆ, ಏಣಿ ಇಳಿಸುತ್ತಾರೆ, ಬಲೆ ಹುಡುಕುತ್ತಾರೆ. ಊಟ ಬಿಟ್ಟು ನಿಂತು ನೋಡುತ್ತಾರೆ. ಅದು ಮೇಲೆ ಬಂದರೆ ಎಲ್ಲರಿಗೂ ಸಮಾಧಾನ. ಅದೇ ಚಿರತೆ ನಮ್ಮ ನಾಯಿಯನ್ನೂ ಹಿಡಿಯುತ್ತದೆ, ಕರುವನ್ನೂ ಹಿಡಿಯುತ್ತದೆ. ಹುಲಿಗಂತೂ ಅಷ್ಟಮಿಗೆ, ದಸರಾಕ್ಕೆ ಮೈಗೆ ಬಣ್ಣ ಬಳಿದು ಕುಣಿಯುತ್ತೇವೆ. ಹುಲಿ ದೈವ ಪಿಲಿಚಾಮುಂಡಿಗೆ ಕೋಲ, ಅಂದರೆ ದೈವದ ಸೇವೆ, ಕೊಡುತ್ತೇವೆ. ಗದ್ದೆ ಹಾಳು ಮಾಡುವ ಹಂದಿಯನ್ನೂ ಪಂಜುರ್ಲಿ ದೈವ ಅಂತ ನಂಬಿ ಕೈ ಮುಗಿಯುತ್ತೇವೆ. ತೋಳದ ಹೆಸರು ಕೇಳಿದರೆ ಮಾತ್ರ ಬಾಯಿಗೆ ಬರುವ ಮೊದಲ ಮಾತು "ಕೊಲ್ಲಿ".

ನಮ್ಮ ಕರಾವಳಿಯಲ್ಲಿ ತೋಳ ಇಲ್ಲವೇ ಇಲ್ಲ. ಅದು ಬಯಲುಸೀಮೆಯ ಪ್ರಾಣಿ. ಕೊಪ್ಪಳ, ಗದಗ, ಬಳ್ಳಾರಿ, ಚಿತ್ರದುರ್ಗ, ತುಮಕೂರು ಕಡೆಯ ಹುಲ್ಲುಗಾವಲು, ಕುರುಚಲು ಗುಡ್ಡ ಅದರ ಮನೆ. ಇಡೀ ದೇಶದಲ್ಲಿ ಸುಮಾರು 3,100 ತೋಳ ಉಳಿದಿವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳ ಅಂದಾಜು. 2022ರ ಗಣತಿಯಲ್ಲಿ ಹುಲಿಯ ಲೆಕ್ಕ 3,682. ಹುಲಿಗಿಂತ ತೋಳವೇ ಕಮ್ಮಿ!

ನನಗೆ ಅನಿಸುವುದು ಇಷ್ಟು. ತೋಳದ ಜೊತೆ ಬದುಕುವವರಿಗೆ ಭಯ ಇದೆ, ಆ ಭಯಕ್ಕೆ ಕಾರಣವೂ ಇದೆ. ದ್ವೇಷ ಮಾತ್ರ ಅದನ್ನು ಕಣ್ಣಲ್ಲಿ ಕಾಣದವರಲ್ಲೇ ಜಾಸ್ತಿ. ಇದು ಎಲ್ಲಿಂದ ಬಂತು? ತಿಳಿದವರು ಬರೆಯಿರಿ.

ಬಜಪೆಯ ಅಮ್ಮ

ನಿಮ್ಮ ಬೇಸರ ಅರ್ಥವಾಗುತ್ತದೆ ಅಣ್ಣ. ಆದರೆ ನಮ್ಮಂಥವರ ಭಯವನ್ನು ಅಷ್ಟು ಸಲೀಸಾಗಿ ದ್ವೇಷದ ಲೆಕ್ಕಕ್ಕೆ ಸೇರಿಸಬೇಡಿ.

ನನಗೆ ಇಬ್ಬರು ಸಣ್ಣ ಮಕ್ಕಳು. 2024ರ ಮಳೆಗಾಲದಲ್ಲಿ ಉತ್ತರ ಪ್ರದೇಶದ ಬಹರಾಯಿಚ್ ಸುದ್ದಿ ದಿನಾ ಬರುತ್ತಿತ್ತು. ಮಹಸೀ ತಾಲೂಕಿನ ಹಳ್ಳಿಗಳಲ್ಲಿ ತಾಯಿಯ ಪಕ್ಕ ಮಲಗಿದ್ದ ಮಗುವನ್ನೇ ತೋಳಗಳು ಎತ್ತಿಕೊಂಡು ಹೋಗುತ್ತಿದ್ದವು. ಹತ್ತರ ಹತ್ತಿರ ಜನ ಸತ್ತರು, ಹೆಚ್ಚಿನವರು ಮಕ್ಕಳು. ಗಂಡಸರು ರಾತ್ರಿಯಿಡೀ ದೊಣ್ಣೆ ಹಿಡಿದು ಕಾವಲು ಕೂತಿದ್ದರು. ಅರಣ್ಯ ಇಲಾಖೆಯವರು ಡ್ರೋನ್ ಹಾರಿಸಿದರು, ಮಕ್ಕಳ ಮೂತ್ರದಲ್ಲಿ ನೆನೆಸಿದ ಗೊಂಬೆಗಳನ್ನು ಬೋನಿನ ಹತ್ತಿರ ಇಟ್ಟರು. ಗುರುತಿಸಿದ ಆರು ತೋಳಗಳಲ್ಲಿ ಐದನ್ನು ಹಿಡಿದರು, ಆರನೆಯದನ್ನು ಊರವರೇ ಕೊಂದರು.

ಇದನ್ನೆಲ್ಲ ಓದಿದ ತಾಯಿಗೆ ಗದ್ದೆಯಲ್ಲಿ ಓಡುವ ಪ್ರಾಣಿಯ ಬಾಲ ಉದ್ದವೋ ಗಿಡ್ಡವೋ ಅಂತ ನೋಡುವ ತಾಳ್ಮೆ ಇರುವುದಿಲ್ಲ. ಹುಲಿ ದೊಡ್ಡವರನ್ನೂ ಹಿಡಿಯುತ್ತದೆ. ತೋಳ ಮನೆಯಲ್ಲಿರುವ ಅತಿ ಸಣ್ಣದನ್ನೇ ಹುಡುಕುತ್ತದೆ. ಭಯದ ಬೇರು ಅಲ್ಲಿದೆ ಅಂತ ನನಗೆ ಅನಿಸುತ್ತದೆ.

ದನದ ಡಾಕ್ಟರ್, ಬ್ರಹ್ಮಾವರ

ಬಜಪೆಯ ಅಕ್ಕ ಹೇಳಿದ್ದರಲ್ಲಿ ಸತ್ಯ ಇದೆ, ಮುಚ್ಚಿಡುವುದು ಬೇಡ. "ತೋಳ ಮನುಷ್ಯರ ಮೇಲೆ ಬೀಳುವುದೇ ಇಲ್ಲ" ಅಂತ ಕೆಲವು ಪ್ರಾಣಿಪ್ರಿಯರು ಹೇಳುತ್ತಾರೆ. ಅದು ಸುಳ್ಳು. ಆ ಸುಳ್ಳಿನಿಂದ ತೋಳಕ್ಕೂ ಒಳ್ಳೆಯದಾಗುವುದಿಲ್ಲ.

ಆದರೆ ಯಾವ ತೋಳ, ಯಾವಾಗ ಕಚ್ಚುತ್ತದೆ ಅನ್ನುವುದನ್ನು ನೋಡಬೇಕು. ನಾರ್ವೆಯ ಪ್ರಕೃತಿ ಸಂಶೋಧನಾ ಸಂಸ್ಥೆಯವರು 2002ರಿಂದ 2020ರವರೆಗೆ ಇಡೀ ಜಗತ್ತಿನಲ್ಲಿ ನಡೆದ ತೋಳದ ದಾಳಿಗಳನ್ನು ಒಟ್ಟು ಮಾಡಿದ್ದಾರೆ. ಸರಿಯಾದ ದಾಖಲೆ ಸಿಕ್ಕಿದ್ದು 489 ಜನರದ್ದು. ಅದರಲ್ಲಿ 380 ಜನರನ್ನು ಕಚ್ಚಿದ್ದು ಹುಚ್ಚು ಹಿಡಿದ ತೋಳ, ಅಂದರೆ ರೇಬೀಸ್. ಬೇಟೆ ಅಂತ ಮೇಲೆ ಬಿದ್ದದ್ದು 67 ಜನರ ಮೇಲೆ. ಉಳಿದ 42 ಜನ ತೋಳವನ್ನು ಮೂಲೆಗೆ ಸಿಕ್ಕಿಸಿದವರು, ಕೆಣಕಿದವರು. ಇಷ್ಟರಲ್ಲಿ ಸತ್ತವರು 26 ಜನ.

ಹುಚ್ಚು ಹಿಡಿದ ತೋಳದ ಭಯ ಹಳ್ಳಿಗಳಲ್ಲಿ ಬಹಳ ಹಳೆಯದು. ನಾಯಿಗೆ ಹುಚ್ಚು ಹಿಡಿದರೆ ಕಾಲಿಗೆ, ಕೈಗೆ ಕಚ್ಚುವುದು ಜಾಸ್ತಿ. ತೋಳ ಮುಖ, ತಲೆಗೇ ಬಾಯಿ ಹಾಕುತ್ತದೆ, ಒಂದೇ ರಾತ್ರಿಯಲ್ಲಿ ಹತ್ತಾರು ಜನರನ್ನು ಕಚ್ಚಿ ಹೋಗುತ್ತದೆ. ಲಸಿಕೆ ಇಲ್ಲದ ಕಾಲದಲ್ಲಿ ಕಚ್ಚಿಸಿಕೊಂಡವರು ನೀರಿಗೆ ಹೆದರಿ, ನರಳಿ ಸಾಯುವುದನ್ನು ಇಡೀ ಊರು ನೋಡುತ್ತಿತ್ತು. ಅಂಥದ್ದನ್ನು ಒಮ್ಮೆ ನೋಡಿದ ಊರು ಮೂರು ತಲೆಮಾರು ಮರೆಯುವುದಿಲ್ಲ. ಈಗ ಲಸಿಕೆ ಇದೆ. ಯಾವ ಪ್ರಾಣಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಇದನ್ನು ಮಾತ್ರ ದಯವಿಟ್ಟು ನೆನಪಿಡಿ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂಬ ಅಂದಾಜಿದೆ. ಆದರೂ ನಾವು ಮನೆಮನೆಗೆ ನಾಗಬನ ಇಟ್ಟುಕೊಂಡಿದ್ದೇವೆ, ಹಾವನ್ನು ಹೊಡೆಯಲು ಕೈ ನಡುಗುತ್ತದೆ. ಭಯ ಇರುವ ಕಡೆಯೆಲ್ಲ ದ್ವೇಷ ಇರಲೇಬೇಕು ಅಂತಿಲ್ಲ. ಭಯಕ್ಕೆ ನಾವು ಯಾವ ಜಾಗ ಕೊಟ್ಟಿದ್ದೇವೆ ಎನ್ನುವುದು ಮುಖ್ಯ. ಹಾವಿಗೆ ಬನ ಇದೆ, ಹುಲಿಗೆ ಕೋಲ ಇದೆ. ತೋಳಕ್ಕೆ ಕರಾವಳಿಯಲ್ಲಿ ಏನೂ ಇಲ್ಲ, ಏಕೆಂದರೆ ಇಲ್ಲಿ ತೋಳವೇ ಇರಲಿಲ್ಲ. ನಮಗೆ ಸಿಕ್ಕಿದ್ದು ಅದರ ಕೆಟ್ಟ ಸುದ್ದಿ ಮಾತ್ರ.

ನೇರ ಮಾತು, ಸುರತ್ಕಲ್

ಇಲ್ಲಿ ಇಲ್ಲದ ಪ್ರಾಣಿಯ ಬಗ್ಗೆ ಇಷ್ಟು ಚರ್ಚೆ ಎಂತಕ್ಕೆ ಮಾರಾಯ್ರೇ? ನಮಗೆ ಮಂಗ, ಹಂದಿ, ಕಾಡುಕೋಣದ ಉಪದ್ರವೇ ಸಾಕಷ್ಟು ಉಂಟು. ತೋಟಕ್ಕೆ ಹೋಗಿ ನೋಡಿ.

ಯಲಬುರ್ಗಾದ ಮಗ, ಈಗ ಬೈಕಂಪಾಡಿ

ನನ್ನ ಊರು ಕೊಪ್ಪಳ ಜಿಲ್ಲೆ. ಕೆಲಸಕ್ಕೆ ಅಂತ ಮಂಗಳೂರಿಗೆ ಬಂದವನು. ನಮ್ಮಪ್ಪ, ದೊಡ್ಡಪ್ಪ ಎಲ್ಲ ಕುರಿ ಕಾಯ್ದವರು. ಈ ಚರ್ಚೆಯಲ್ಲಿ ಕುರಿಗಾರರ ಮಾತೂ ಇರಬೇಕು ಅನಿಸಿತು, ಅದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ರೈತರ ಹೊಲದಲ್ಲಿ ಕುರಿ ತರುಬುತ್ತಾರೆ. ರಾತ್ರಿ ಹಿಂಡು ಹೊಲದಲ್ಲೇ ಮಲಗುತ್ತದೆ, ಗೊಬ್ಬರ ಬೀಳುತ್ತದೆ, ರೈತ ಕಾಳನ್ನೋ ದುಡ್ಡನ್ನೋ ಕೊಡುತ್ತಾನೆ. ಸುತ್ತಲೂ ಬಲೆ ಕಟ್ಟುತ್ತಾರೆ. ಕುರಿಗಾರರು ಕಂಬಳಿ ಹೊದ್ದು ಮೂಲೆಗೊಬ್ಬರಂತೆ ಮಲಗುತ್ತಾರೆ. ಮಲಗುತ್ತಾರೆ ಅನ್ನುವುದು ಹೆಸರಿಗೆ. ನಾಯಿ ಬೊಗಳುವ ದನಿಯಲ್ಲೇ ಗೊತ್ತಾಗುತ್ತದೆ, ಬಂದದ್ದು ನರಿಯೋ, ಮನುಷ್ಯನೋ, ತೋಳವೋ ಅಂತ. ತೋಳವಾದರೆ ನಾಯಿಯ ದನಿಯೇ ಬೇರೆ. ಒಂದು ತೋಳ ಈ ಕಡೆ ಕಾಣಿಸಿಕೊಂಡು ನಾಯಿಗಳನ್ನು ಎಳೆದುಕೊಂಡು ಹೋಗುತ್ತದೆ, ಇನ್ನೊಂದು ಆ ಕಡೆಯಿಂದ ಬಂದು ಮರಿ ಎತ್ತುತ್ತದೆ. ಇದನ್ನು ನಮ್ಮಲ್ಲಿ ಸಣ್ಣ ಹುಡುಗರೂ ಹೇಳುತ್ತಾರೆ.

ಒಂದು ಮರಿ ಹೋದರೆ ಹಿರಿಯರು "ಅದರ ಪಾಲು ಅದು ತಗೊಂಡು ಹೋತು" ಅಂತ ಸುಮ್ಮನಾಗುತ್ತಿದ್ದರು. ಇದು ದೊಡ್ಡ ಮಾತಿಗೆ ಹೇಳುವುದಲ್ಲ. ಅಪ್ಪ ಹಾಗೇ ಹೇಳಿ ಮುಂದಿನ ಕೆಲಸಕ್ಕೆ ಹೋಗುವುದನ್ನು ನಾನು ನೋಡಿದ್ದೇನೆ. ತೋಳ ಮುಟ್ಟಿದ ಹಿಂಡು ಬೆಳೆಯುತ್ತದೆ ಎಂಬ ನಂಬಿಕೆಯೂ ಕೆಲವರಲ್ಲಿತ್ತು. ಹಿಂಡು ನಮ್ಮದು, ಗುಡ್ಡ ಅದರದ್ದು. ಗುಡ್ಡಕ್ಕೆ ಹಿಂಡು ಹೊಡೆದುಕೊಂಡು ಹೋದವರು ನಾವು, ಬಾಡಿಗೆ ಕೊಡಬೇಕಲ್ಲ ಎಂಬ ಲೆಕ್ಕ.

ಆದರೆ ಕಟಪಾಡಿ ಅಣ್ಣಾವರೇ, ಕುರಿಗಾರರಲ್ಲಿ ದ್ವೇಷವೇ ಇಲ್ಲ ಅಂದರೆ ಅದು ಪೂರ್ತಿ ನಿಜ ಆಗುವುದಿಲ್ಲ. ಕೆಲವೊಮ್ಮೆ ತೋಳ ಬಲೆಯೊಳಗೆ ನುಗ್ಗಿದರೆ ಒಂದಕ್ಕೆ ನಿಲ್ಲಿಸುವುದಿಲ್ಲ. ಕುರಿಗಳು ಗಾಬರಿಯಾಗಿ ಒಂದರ ಮೇಲೊಂದು ಬೀಳುತ್ತವೆ, ಅದು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಗಂಟಲು ಹರಿದ ಕುರಿಗಳು ಸಾಲಾಗಿ ಬಿದ್ದಿರುತ್ತವೆ. ಸಾಲ ಮಾಡಿ ಕುರಿ ಕಟ್ಟಿದವನಿಗೆ ಅದು ವರ್ಷದ ಅನ್ನ. ಅವನ ಹತ್ತಿರ ಹೋಗಿ "ತೋಳ ಉಳಿಸಿ" ಅಂದರೆ ಅವನು ಏನು ಹೇಳಬೇಕು? ಆ ಸಿಟ್ಟಿನಲ್ಲೇ ಸತ್ತ ಕುರಿಗೆ ವಿಷ ಹಾಕಿ ಗುಡ್ಡದಲ್ಲಿ ಇಟ್ಟು ಬರುತ್ತಾರೆ. ಮರಿ ಇರುವ ಗವಿಗೆ ಹೊಗೆ ಹಾಕುತ್ತಾರೆ, ಕಲ್ಲು ಜಡಿದು ಬಾಯಿ ಮುಚ್ಚುತ್ತಾರೆ. ಹಾಗೆ ಮುಚ್ಚಿದ ಗವಿಯನ್ನು ನಾನು ಕಂಡಿದ್ದೇನೆ. ಮಾಡಿದವರು ಕ್ರೂರಿಗಳಲ್ಲ, ನನಗೆ ಊಟ ಹಾಕಿದ ಜನ.

ಪರಿಹಾರ ಅಂತ ಕಾಗದದ ಮೇಲೆ ಇದೆ. ಸಿಗುವುದು ಕಷ್ಟ. ತೋಳ ಮರಿಯನ್ನು ಹೊತ್ತುಕೊಂಡು ಹೋದರೆ ತೋರಿಸಲು ದೇಹವೇ ಇರುವುದಿಲ್ಲ. ಫೋಟೋ ಬೇಕು, ದನದ ಡಾಕ್ಟರ ಪತ್ರ ಬೇಕು. ಕುರಿಗಾರ ತನ್ನ ಊರಿಂದ ಎಲ್ಲೋ ದೂರದ ಹೊಲದಲ್ಲಿ ಇರುತ್ತಾನೆ, ಯಾವ ಕಚೇರಿಗೆ ಹೋಗಬೇಕು ಅಂತಲೇ ಗೊತ್ತಾಗುವುದಿಲ್ಲ. ಹೋದರೆ ಆ ದಿನ ಹಿಂಡು ನೋಡುವವರು ಯಾರು? ಆದ್ದರಿಂದ ಹೆಚ್ಚಿನವರು ಅರ್ಜಿಯನ್ನೇ ಹಾಕುವುದಿಲ್ಲ.

ಮೊದಲು ಸಹಿಸುತ್ತಿದ್ದವರು ಈಗ ಯಾಕೆ ಸಹಿಸುವುದಿಲ್ಲ ಅಂತ ಕೇಳಿದರೆ ನಾನು ಗುಡ್ಡ ತೋರಿಸುತ್ತೇನೆ. ಸರ್ಕಾರದ ಲೆಕ್ಕದಲ್ಲಿ ನಮ್ಮ ಹುಲ್ಲುಗಾವಲು ಪಾಳು ಭೂಮಿ. ಅಲ್ಲಿ ಗಾಳಿ ಗಿರಣಿ ಬಂತು, ಸೋಲಾರ್ ಬಂತು, ಕಲ್ಲು ಕ್ವಾರಿ ಬಂತು, ದಾಳಿಂಬೆ ತೋಟಕ್ಕೆ ತಂತಿ ಬೇಲಿ ಬಂತು. ಮೊಲ ಕಮ್ಮಿಯಾಯಿತು. ಕುರಿಗೂ ಮೇವಿಲ್ಲ, ತೋಳಕ್ಕೂ ಬೇಟೆ ಇಲ್ಲ. ಇಬ್ಬರೂ ಉಳಿದ ಒಂದೇ ತುಂಡು ಗುಡ್ಡಕ್ಕೆ ಬಂದು ನಿಂತಿದ್ದೇವೆ. ಮನೆಯ ಹುಡುಗರೆಲ್ಲ ನನ್ನ ಹಾಗೆ ಊರು ಬಿಟ್ಟಿದ್ದೇವೆ. ನಾಲ್ಕು ಜನ ಕಾಯುತ್ತಿದ್ದ ಹಿಂಡನ್ನು ಈಗ ಒಬ್ಬ ಮುದುಕ, ಒಬ್ಬ ಕೂಲಿಯವ ಕಾಯುತ್ತಾರೆ. ಕಾವಲು ತೆಳ್ಳಗಾದಾಗ ಭಯ ದಪ್ಪಗಾಗುತ್ತದೆ.

ಕಟಪಾಡಿ ಓದುಗ

ಯಲಬುರ್ಗಾದ ತಮ್ಮ, ಇಷ್ಟು ಬಿಚ್ಚಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಸಿಟ್ಟು ನನಗೆ ಬೇರೆಯೇ ಅನಿಸುತ್ತದೆ. ಅದಕ್ಕೆ ಒಂದು ಲೆಕ್ಕ ಇದೆ. ಸತ್ತ ಕುರಿಗೆ ಸರಿಯಾಗಿ ದುಡ್ಡು ಬಂದರೆ, ಬಲೆ ಗಟ್ಟಿ ಇದ್ದರೆ, ಆ ಸಿಟ್ಟು ಇಳಿಯಬಹುದು. ಆ ವಾಟ್ಸಾಪ್ ವಿಡಿಯೋ ಕೆಳಗಿನ ಸಿಟ್ಟಿಗೆ ಯಾವ ಪರಿಹಾರ ಕೊಡುವುದು? ಅವರು ಕಳೆದುಕೊಂಡದ್ದು ಏನೂ ಇಲ್ಲ.

ಸುರತ್ಕಲ್ ಅಣ್ಣ, ಇಲ್ಲಿ ಇಲ್ಲದ ಪ್ರಾಣಿ ಅಂತಲೇ ನಾನು ಕೇಳುತ್ತಿರುವುದು. ಇಲ್ಲದ ತೋಳದ ಹೆಸರಲ್ಲಿ ಇರುವ ನರಿಗೆ ವಿಷ ಬೀಳುತ್ತದೆ. ನಾಳೆ ಅದೇ ವಿಷ ತಿಂದು ನಿಮ್ಮ ಮನೆ ನಾಯಿ ಸಾಯುತ್ತದೆ.

ಹಳೇ ಮೇಷ್ಟ್ರು, ಮೂಲ್ಕಿ

ಮಕ್ಕಳೇ, ಚರ್ಚೆ ಚೆನ್ನಾಗಿ ಹೋಗುತ್ತಿದೆ. ನಾನು ಸ್ವಲ್ಪ ಹಳೆಯ ಕಾಲಕ್ಕೆ ಹೋಗುತ್ತೇನೆ.

ತೋಳದ ಭಯ ದನ ಕುರಿ ಸಾಕಿದ ಜನರ ಜೊತೆಗೇ ಹುಟ್ಟಿದೆ. ಋಗ್ವೇದದ ಮೊದಲ ಮಂಡಲದಲ್ಲಿ ಪೂಷನ್ ದೇವರಿಗೆ ಒಂದು ಪ್ರಾರ್ಥನೆ ಇದೆ. ದಾರಿಯಲ್ಲಿ ಹೊಂಚು ಹಾಕುವ ಕೆಟ್ಟ ತೋಳವನ್ನು ಓಡಿಸು ಅಂತ. ಅದೇ ಮಂಡಲದಲ್ಲಿ ಋಜ್ರಾಶ್ವ ಎಂಬುವನ ಕಥೆಯೂ ಬರುತ್ತದೆ. ಅವನು ಒಂದು ಹೆಣ್ಣು ತೋಳಕ್ಕೆ ನೂರು ಟಗರು ಕೊಟ್ಟುಬಿಟ್ಟ. ಅಪ್ಪನಿಗೆ ಸಿಟ್ಟು ಬಂದು ಮಗನನ್ನು ಕುರುಡು ಮಾಡಿದ. ಆಗ ಅವನ ಪರವಾಗಿ ಅಶ್ವಿನೀ ದೇವತೆಗಳನ್ನು ಕೂಗಿ ಬೇಡಿದ್ದು ಆ ತೋಳವೇ. ದೇವತೆಗಳು ಅವನಿಗೆ ಕಣ್ಣು ಕೊಟ್ಟರು. ಎರಡೂ ಒಂದೇ ಕಾಲದ, ಒಂದೇ ಜನರ ಮಾತು. ಓಡಿಸು ಅಂದವರೂ ಅವರೇ, ತೋಳಕ್ಕೆ ಉಪಕಾರದ ನೆನಪಿದೆ ಅಂದವರೂ ಅವರೇ. ಕೊಪ್ಪಳದ ಹುಡುಗ ಬರೆದ ಅಪ್ಪನ ಮಾತು ಓದಿದಾಗ ನನಗೆ ನೆನಪಾದದ್ದು ಈ ಕಥೆ.

ಯುರೋಪಿನಲ್ಲಿ ಹಾಗಾಗಲಿಲ್ಲ. ಇಂಗ್ಲೆಂಡಿಗೆ ಉಣ್ಣೆಯೇ ಸಂಪತ್ತು, ಕುರಿ ಅಂದರೆ ದುಡ್ಡು. ಸುಮಾರು ಐನೂರು ವರ್ಷಗಳ ಹಿಂದೆಯೇ ಅಲ್ಲಿ ತೋಳದ ಕಥೆ ಮುಗಿದಿತ್ತು. ಫ್ರಾನ್ಸಿನ ಜೆವೊಡಾನ್ ಎಂಬಲ್ಲಿ 1764ರಿಂದ 1767ರವರೆಗೆ ನೂರರ ಆಸುಪಾಸು ಜನ ಸತ್ತರು. ರಾಜ ತನ್ನ ಬೇಟೆಗಾರರನ್ನೇ ಕಳಿಸಬೇಕಾಯಿತು. ಸತ್ತವರಲ್ಲಿ ಹೆಚ್ಚಿನವರು ಕುರಿ ದನ ಕಾಯುತ್ತಿದ್ದ ಹೆಂಗಸರು, ಮಕ್ಕಳು. ಇಂಥ ನೆನಪಿರುವ ಯುರೋಪಿನಿಂದ ಬ್ರಿಟಿಷರು ಇಲ್ಲಿ ಅಧಿಕಾರಿಗಳಾಗಿ ಬಂದರು. ತೋಳದ ತಲೆಗೆ ಇನಾಮು ಕಟ್ಟಿದರು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಲ್ಲಿ 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಚಿರತೆ, ಎರಡು ಲಕ್ಷ ತೋಳ ಸತ್ತಿವೆ. ಎರಡು ಲಕ್ಷ! ಇವತ್ತು ಉಳಿದ 3,100ರ ಪಕ್ಕ ಇಟ್ಟು ನೋಡಿ.

ಆಮೇಲೆ ಹುಲಿಯ ದೆಸೆ ತಿರುಗಿತು. 1973ರಲ್ಲಿ ಹುಲಿ ಯೋಜನೆ ಬಂತು, ನಮ್ಮ ಬಂಡೀಪುರ ಮೊದಲ ಪಟ್ಟಿಯಲ್ಲೇ ಸೇರಿತು. ತೋಳಕ್ಕೆ ಅಂಥ ಯೋಜನೆ ಇಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಮಾತ್ರ ಹುಲಿ, ತೋಳ ಎರಡೂ ಮೊದಲನೇ ಅನುಸೂಚಿಯಲ್ಲಿವೆ. ಯಾವುದನ್ನು ಕೊಂದರೂ ಮೂರರಿಂದ ಏಳು ವರ್ಷ ಜೈಲು.

ನೇರ ಮಾತು, ಸುರತ್ಕಲ್

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟುವುದು ಸರಿಯಲ್ಲ. "ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು" ಅಂತ ಗಾದೆ ಮಾಡಿದ್ದು ಯಾರು? ನಮ್ಮವರೇ ಅಲ್ವಾ? ಬ್ರಿಟಿಷರು ಹುಲಿಗೂ ಇನಾಮು ಕೊಟ್ಟಿದ್ದರು. ಹುಲಿಗೆ ಮರ್ಯಾದೆ ಉಳಿಯಿತು, ತೋಳಕ್ಕೆ ಉಳಿಯಲಿಲ್ಲ. ಕಾರಣ ದುಡ್ಡು ಅಂತ ನನ್ನ ಅಭಿಪ್ರಾಯ. ಹುಲಿ ಇರುವಲ್ಲಿ ಸಫಾರಿ ಇದೆ, ರೆಸಾರ್ಟ್ ಇದೆ, ಜೀಪು ಓಡಿಸುವವನಿಗೆ ಕೆಲಸ ಇದೆ. ತೋಳ ಇರುವ ಊರಿನವನಿಗೆ ತೋಳದಿಂದ ಏನು ಸಿಗುತ್ತದೆ? ಅದನ್ನು ಮೊದಲು ಹೇಳಿ, ಆಮೇಲೆ ಪ್ರೀತಿಸು ಅನ್ನಿ.

ಯಲಬುರ್ಗಾದ ಮಗ, ಈಗ ಬೈಕಂಪಾಡಿ

ಸುರತ್ಕಲ್ ಅಣ್ಣಾವರ ಪ್ರಶ್ನೆ ಸರಿಯಾಗಿದೆ. ಆ ಗಾದೆ ನಮ್ಮ ಕಡೆ ಜಾಸ್ತಿ ಕೇಳುವುದು ತೋಳದ ವಿಷಯಕ್ಕಲ್ಲ. ಕಷ್ಟಕ್ಕೆ ಸಿಕ್ಕಿಬಿದ್ದ ಮನುಷ್ಯನಿಗೆ ಎಲ್ಲರೂ ಸೇರಿ ಹೊಡೆಯುವಾಗ ಹೇಳುತ್ತಾರೆ. ಆದರೂ ಗಾದೆಯೊಳಗೆ ತೋಳವೇ ಇದೆ, ಒಪ್ಪುತ್ತೇನೆ.

ತೋಳದಿಂದ ಏನು ಸಿಗುತ್ತದೆ ಅಂದರೆ, ನಮ್ಮ ಯಲಬುರ್ಗಾ, ಕುಕನೂರು ಕಡೆ ಕೃಷ್ಣಮೃಗದ ಹಾವಳಿ ರೈತರಿಗೆ ಗೊತ್ತು. ಮೊಳಕೆ ಬಂದ ಹೆಸರು, ಕಡಲೆ ರಾತ್ರೋರಾತ್ರಿ ಖಾಲಿ. ಹಾವೇರಿ, ಗದಗ ಕಡೆಯೂ ಇದೇ ಗೋಳು. ಕೃಷ್ಣಮೃಗವನ್ನು ಬೇಟೆಯಾಡುವ ಪ್ರಾಣಿ ನಮ್ಮ ಬಯಲಲ್ಲಿ ತೋಳ. ಕುರಿ ಇಲ್ಲದ ರೈತನಿಗೆ ತೋಳ ಹೊಲ ಕಾಯುವ ಆಳು. ಕುರಿ ಇರುವವನಿಗೆ ಕಳ್ಳ. ಒಂದೇ ಊರಿನಲ್ಲಿ ಎರಡೂ ಮಾತು ಕೇಳುತ್ತೀರಿ.

ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಎಕರೆಯ ತೋಳ ಧಾಮ ಆಗಿದೆ. ಸಂತೋಷ. ಆದರೆ ತೋಳ ಒಂದು ರಾತ್ರಿಯಲ್ಲಿ ಅದಕ್ಕಿಂತ ಎಷ್ಟೋ ದೂರ ಹೋಗಿ ಬರುತ್ತದೆ. ಧಾಮದ ಆಚೆ ಅದು ಯಾರ ಹೊಲದಲ್ಲಿ ಓಡಾಡುತ್ತದೋ ಅವರ ಮನಸ್ಸು ಹೇಗಿದೆ ಅನ್ನುವುದರ ಮೇಲೆಯೇ ಅದರ ಜೀವ ನಿಂತಿದೆ.

ಕಾರ್ಕಳ ಕ್ಯಾಮೆರಾ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಗ್ಗೆ ಯಾರೂ ಬರೆದಿಲ್ಲ! 1926ರ ಹೊತ್ತಿಗೆ ಅಲ್ಲಿ ತೋಳವನ್ನು ಪೂರ್ತಿ ಮುಗಿಸಿದ್ದರು. 1995, 96ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟರು. ಆಮೇಲೆ ಕಾಡು ಬೆಳೆಯಿತು, ನದಿಯ ದಾರಿಯೇ ಬದಲಾಯಿತು ಅಂತ ವಿಡಿಯೋ ನೋಡಿದ್ದೇನೆ. ಇದನ್ನು ಜನರಿಗೆ ತೋರಿಸಿದರೆ ದ್ವೇಷ ಹೋಗುತ್ತದೆ ಅಲ್ವಾ?

ದನದ ಡಾಕ್ಟರ್, ಬ್ರಹ್ಮಾವರ

ತೋಳ ಬಿಟ್ಟದ್ದು, ಅವು ಹೆಚ್ಚಿದ್ದು ನಿಜ. ನದಿಯ ದಾರಿ ಬದಲಾದದ್ದಕ್ಕೆ ತೋಳವೇ ಕಾರಣ ಎನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ಜಗಳ ಇದೆ. ಅದಕ್ಕಿಂತ ಮುಖ್ಯ, ಅದು ಜನವಸತಿ ಇಲ್ಲದ ದೊಡ್ಡ ರಾಷ್ಟ್ರೀಯ ಉದ್ಯಾನ. ನಮ್ಮ ತೋಳಕ್ಕೆ ಅಂಥ ಜಾಗ ಎಲ್ಲಿದೆ? ಅದು ಜೋಳದ ಹೊಲ, ಕುರಿ ಹಟ್ಟಿ, ಹೆದ್ದಾರಿ ನಡುವೆಯೇ ಬದುಕಬೇಕು. ನಮ್ಮ ತೋಳ ದಪ್ಪ ತುಪ್ಪಳದ ದೈತ್ಯ ಅಲ್ಲ. 17ರಿಂದ 25 ಕಿಲೋ ತೂಗುವ, ಬಿಸಿಲಿಗೆ ಒಗ್ಗಿದ, ತೆಳ್ಳಗಿನ ಪ್ರಾಣಿ. ಹೊರದೇಶದ ವಿಡಿಯೋದ ತೋಳ ನೋಡಿ ಹೆದರುವವರೂ, ಅದನ್ನೇ ನೋಡಿ ಮೆಚ್ಚುವವರೂ ನಮ್ಮ ತೋಳವನ್ನು ನೋಡಿದ ಹಾಗಾಗಲಿಲ್ಲ.

ನನಗಿರುವ ಇನ್ನೊಂದು ಆತಂಕ ಬೀದಿನಾಯಿಯದ್ದು. ಊರಂಚಿನ ಕಸದ ರಾಶಿಯಲ್ಲಿ ನಾಯಿ, ತೋಳ ಎರಡೂ ಸೇರುತ್ತವೆ. ನಾಯಿಯಿಂದ ರೇಬೀಸ್, ಡಿಸ್ಟೆಂಪರ್ ಎಂಬ ಅಂಟುರೋಗ ತೋಳಕ್ಕೆ ಹೋಗುತ್ತದೆ. ಪುಣೆ ಜಿಲ್ಲೆಯಲ್ಲಿ ತೋಳ, ನಾಯಿ ಬೆರೆತ ತಳಿ ಇರುವುದು ಜೀನ್ ಪರೀಕ್ಷೆಯಲ್ಲಿ ಸಾಬೀತಾಗಿದೆ. ಅಂಥ ಪ್ರಾಣಿಗೆ ಮನುಷ್ಯರ ಹೆದರಿಕೆ ಕಮ್ಮಿ ಇರಬಹುದು. ನಾಯಿ ಕುರಿ ಕೊಂದರೂ ಹೆಸರು ತೋಳಕ್ಕೆ ಬರುತ್ತದೆ. ನಾಯಿಗಳಿಗೆ ಲಸಿಕೆ ಹಾಕಿಸುವುದು, ಕಸ ಸರಿಯಾಗಿ ವಿಲೇವಾರಿ ಮಾಡುವುದು ತೋಳ ಉಳಿಸುವ ಕೆಲಸವೇ.

ಬಜಪೆಯ ಅಮ್ಮ

ಎಲ್ಲ ಓದಿದೆ. ಯಲಬುರ್ಗಾದ ತಮ್ಮನ ಮಾತು ಮನಸ್ಸಿಗೆ ನಾಟಿತು. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಅಲ್ಲಿ ಬಹರಾಯಿಚ್‌ನಲ್ಲಿ ಮಗು ಕಳೆದುಕೊಂಡವಳಿಗೆ ನೀವೆಲ್ಲ ಏನು ಹೇಳುತ್ತೀರಿ? ಕುರಿಗೆ ಪರಿಹಾರ ಅನ್ನಬಹುದು. ಮಗುವಿಗೆ?

ಕಟಪಾಡಿ ಓದುಗ

ಅಕ್ಕ, ಅವಳಿಗೆ ಹೇಳುವ ಮಾತು ನನ್ನ ಹತ್ತಿರ ಇಲ್ಲ. ಅವಳು ತೋಳವನ್ನು ದ್ವೇಷಿಸಿದರೆ ಅದು ತಪ್ಪು ಅನ್ನುವ ಹಕ್ಕೂ ನನಗಿಲ್ಲ. ಮಕ್ಕಳನ್ನು ಹಿಡಿಯಲು ಶುರು ಮಾಡಿದ ತೋಳವನ್ನು ಅಲ್ಲಿಂದ ತೆಗೆಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಮಗು ಯಾಕೆ ಸಿಕ್ಕಿತು ಅನ್ನುವುದನ್ನೂ ಕೇಳೋಣ. 1996ರಲ್ಲಿ ಉತ್ತರ ಪ್ರದೇಶದ ಪೂರ್ವ ಭಾಗದಲ್ಲಿ, ಪ್ರತಾಪಗಢ, ಸುಲ್ತಾನಪುರ, ಜೌನ್‌ಪುರ ಕಡೆ, 70ಕ್ಕೂ ಹೆಚ್ಚು ಮಕ್ಕಳ ಮೇಲೆ ದಾಳಿ ಆಗಿತ್ತು. ವನ್ಯಜೀವಿ ವಿಜ್ಞಾನಿ ವೈ. ವಿ. ಝಾಲಾ ಮತ್ತು ಅವರ ಜೊತೆಗಾರರು ಹೋಗಿ ಅಧ್ಯಯನ ಮಾಡಿದರು. ಅಲ್ಲಿ ಕಾಡುಬೇಟೆ ಇರಲಿಲ್ಲ. ಆಡು, ಕುರಿಗೆ ಒಳ್ಳೆಯ ಕಾವಲಿತ್ತು. ಬಡವರ ಮಕ್ಕಳು ಮಾತ್ರ ಕಾವಲಿಲ್ಲದೆ ಅಂಗಳದಲ್ಲಿ, ಹೊಲದ ಅಂಚಿನಲ್ಲಿ ಇದ್ದರು. ಇಷ್ಟೆಲ್ಲ ಮಾಡಿದ್ದು ಆ ಪ್ರದೇಶದ ತೋಳಗಳೆಲ್ಲ ಸೇರಿ ಅಲ್ಲ, ಒಂದು ತೋಳ ಅಥವಾ ಒಂದು ಗುಂಪು ಎಂಬ ತೀರ್ಮಾನಕ್ಕೆ ಬಂದರು. ಬಹರಾಯಿಚ್‌ನಲ್ಲೂ ಬಾಗಿಲೇ ಇಲ್ಲದ ಮನೆಗಳ ಸುದ್ದಿ ಓದಿದ್ದೇವೆ. ಘಾಘ್ರಾ ನದಿಯ ನೆರೆಗೆ ತೋಳದ ಬಿಲಗಳೂ ಮುಳುಗಿದ್ದವು ಅಂತ ಅಲ್ಲಿನ ಅಧಿಕಾರಿಗಳು ಹೇಳಿದ್ದರು. ಒಂದು ಬಾಗಿಲು, ಒಂದು ದೀಪ, ಮನೆಯೊಳಗೆ ಒಂದು ಶೌಚಾಲಯ ಇದ್ದಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ. ಅಲ್ಲಿನ ತಾಯಂದಿರ ಪರವಾಗಿ ನಿಲ್ಲುವುದು ಅಂದರೆ ಆ ಬಾಗಿಲು ಕೇಳುವುದು.

1996ರ ಇನ್ನೊಂದು ವಿಷಯ ಹೇಳಲೇಬೇಕು. ಆಗ ಅಲ್ಲಿ ಒಂದು ಸುದ್ದಿ ಹಬ್ಬಿತು. ಇದು ತೋಳ ಅಲ್ಲ, ತೋಳದ ವೇಷ ಹಾಕಿದ ಮನುಷ್ಯ ಅಂತ. ಗುಂಪುಗಳು ದಾರಿಯಲ್ಲಿ ಹೋಗುವ ಅಪರಿಚಿತರನ್ನು ಹಿಡಿದು ಹೊಡೆದು ಕೊಂದವು. ಸಾಧುಗಳು, ಅಲೆಮಾರಿಗಳು, ಕೂಲಿಗೆ ಬಂದವರು. ಮೊಬೈಲ್ ಇಲ್ಲದ ಕಾಲದಲ್ಲೇ ಸುಳ್ಳು ಸುದ್ದಿ ಇಷ್ಟು ಮಾಡಿತ್ತು. ನಮ್ಮ ಊರಿನ ವಿಡಿಯೋ ನೋಡಿ ನನಗೆ ಹೆದರಿಕೆಯಾದದ್ದು ಇದಕ್ಕೇ.

ಬಜಪೆಯ ಅಮ್ಮ

ಬಾಗಿಲಿನ ಮಾತು ಒಪ್ಪಿದೆ. ಭಯ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಮನೆಯ ಗುಂಪಿನಲ್ಲಿ ಆ ವಿಡಿಯೋ ಹಾಕಿದವರಿಗೆ, ಅದು ನರಿ, ತೋಳ ಅಲ್ಲ ಅಂತ ಈಗಷ್ಟೇ ಬರೆದು ಹಾಕಿದೆ. ನರಿಯ ಫೋಟೋ, ತೋಳದ ಫೋಟೋ ಎರಡೂ ಪಕ್ಕ ಪಕ್ಕ ಇಟ್ಟು ಯಾರಾದರೂ ಒಂದು ಚಿತ್ರ ಮಾಡಿ ಕೊಟ್ಟರೆ ಒಳ್ಳೆಯದಿತ್ತು.

ಕಾರ್ಕಳ ಕ್ಯಾಮೆರಾ

ನಾನು ಮಾಡುತ್ತೇನೆ ಅಕ್ಕ. ನರಿಯ ಫೋಟೋ ನನ್ನ ಹತ್ತಿರ ಬೇಕಾದಷ್ಟು ಇದೆ. ಕಾಡುನಾಯಿಯದ್ದೂ ಸೇರಿಸುತ್ತೇನೆ, ಕುದುರೆಮುಖದ ಕಡೆ ಅದನ್ನೂ ಜನ ತೋಳ ಅಂದುಬಿಡುತ್ತಾರೆ. ಕೆಂಪು ಮೈ, ಕಪ್ಪು ಪೊದೆ ಬಾಲ ಇದ್ದರೆ ಕಾಡುನಾಯಿ. ತೋಳದ ಫೋಟೋ ಮಾತ್ರ ಇಲ್ಲ. ಯಲಬುರ್ಗಾದ ಗೆಳೆಯರೇ, ಡಿಸೆಂಬರ್ ರಜೆಯಲ್ಲಿ ನಿಮ್ಮ ಕಡೆ ಬಂದರೆ ತೋಳ ನೋಡಲು ಸಿಗುತ್ತದಾ? ಗವಿ ಹತ್ತಿರ ಕೂತರೆ ಮರಿಗಳ ಫೋಟೋ ಸಿಗಬಹುದು ಅಂತ ಒಬ್ಬರು ಹೇಳಿದರು.

ಯಲಬುರ್ಗಾದ ಮಗ, ಈಗ ಬೈಕಂಪಾಡಿ

ಬನ್ನಿ, ಖಂಡಿತ ಬನ್ನಿ. ಗವಿಯ ಹತ್ತಿರ ಮಾತ್ರ ಬೇಡ ಅಣ್ಣ. ಚಳಿಗಾಲವೇ ಮರಿ ಹಾಕುವ ಕಾಲ. ಕ್ಯಾಮೆರಾದವರ ಕಾರು ಗವಿಯ ಮುಂದೆ ನಿಂತರೆ ತಾಯಿ ಹಗಲು ಹೊತ್ತಲ್ಲೇ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಹೊರಡುತ್ತದೆ. ದಾರಿಯಲ್ಲಿ ನಾಯಿ ಸಿಕ್ಕರೆ ಮುಗಿಯಿತು. ಗವಿ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಾಗುವುದೂ ನಿಮ್ಮ ಕಾರಿನಿಂದಲೇ. ಹೊಗೆ ಹಾಕುವವರಿಗೆ ಅಷ್ಟು ಸಾಕು.

ಬೆಳಕು ಹರಿಯುವ ಮೊದಲು ಕಪ್ಪತಗುಡ್ಡದ ಅಂಚಿನ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ, ಕಾರಿನಿಂದ ಇಳಿಯಬೇಡಿ. ಮಧ್ಯಾಹ್ನ ಕುರಿ ಹಿಂಡು ಕಂಡರೆ ನಿಂತು ಕುರಿಗಾರರನ್ನು ಮಾತಾಡಿಸಿ. ಈ ವರ್ಷ ಎಷ್ಟು ಮರಿ ಹೋದವು, ದುಡ್ಡು ಬಂತಾ ಅಂತ ಕೇಳಿ ಬರೆದುಕೊಂಡು ಬನ್ನಿ. ಅರ್ಜಿ ತುಂಬಲು ಗೊತ್ತಿಲ್ಲದವರಿದ್ದರೆ ಕೂತು ತುಂಬಿಸಿಕೊಡಿ. ಹೊರಡುವ ಮೊದಲು ಇಲ್ಲಿ ತಿಳಿಸಿ, ಅಪ್ಪನಿಗೆ ಫೋನ್ ಮಾಡಿ ಹೇಳುತ್ತೇನೆ.